ಹಿಂದಕ್ಕೆ ನಡೆಯುತ್ತಿದ್ದ ಚಿಕ್ಕತಾಯಮ್ಮ

ಚಿಕ್ಕತಾಯಮ್ಮ ಹಿಂದಕ್ಕೆ ನಡೆಯುತ್ತಿದ್ದರು. ನೆಲ ಒರೆಸುವಾಗ ಎಲ್ಲರೂ ಹಿಂದಕ್ಕೇ ಸರಿಯುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಇವರು ಕಸ ಗುಡಿಸುವುದೂ ಹಿಂದಕ್ಕೆ, ಬಾಗಿಲ ಮುಂದೆ ನೀರು ಚಿಮುಕಿಸುವುದೂ ಹಿಂದಕ್ಕೆ. ಕೆಲಸ ಮುಗಿಸಿ ಹೊರಟರೆ ನನ್ನೊಡನೆ ಮಾತಾಡುತ್ತಲೇ ಬಾಗಿಲಿನಿಂದ ಗೇಟಿನವರೆಗೂ ಬೆನ್ನು ಮುಂದು ಮಾಡಿಕೊಂಡೇ ಹೋಗುತ್ತಿದ್ದರು. ಮೆಟ್ಟಿಲು, ತುಳಸಿಕಟ್ಟೆ, ನಮ್ಮ ಯಜಮಾನರ ಸ್ಕೂಟರು, ಯಾವುದಕ್ಕೂ ಒಂದು ದಿನವೂ ತಾಗಿದವರಲ್ಲ. ಮೊದಮೊದಲು ಅದು ನನಗೆ ಕೊಡುತ್ತಿರುವ ಮರ್ಯಾದೆ ಎಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳಿಗೆ ಇಂಥ ಭ್ರಮೆಗಳು ಬೇಗ ಬರುತ್ತವೆ.

"ನನಗೆ ಬೆನ್ನು ತೋರಿಸಿದರೆ ಏನೂ ಆಗಲ್ಲ ಚಿಕ್ಕತಾಯಮ್ಮ, ತಿರುಗಿ ನಡೀರಿ, ಬಿದ್ದುಗಿದ್ದೀರಿ" ಎಂದೆ ಒಂದು ದಿನ.

ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಮರ್ವಾದೆಗಲ್ಲ ಕಣ್ ಟೀಚರಮ್ಮ. ಅಭ್ಯಾಸ. ನಾಟಿ ಹಾಕೋರು ಹಿಂದ್ಕೇ ಅಲ್ವ ಹೋಗೋದು? ಮುಂದ್ಕೆ ಮಕ ಮಾಡ್ಕಂಡ್ರೆ ಇನ್ನೂ ಎಷ್ಟು ಬಾಕಿ ಅದೆ ಅಂತ ಕಾಣ್ತದೆ, ಎದೆ ಒಡ್ದೋಯ್ತದೆ. ಹಿಂದ್ಕೆ ಹೋದ್ರೆ ಎಷ್ಟು ಮುಗೀತು ಅನ್ನೋದಷ್ಟೇ ಕಾಣೋದು. ಅಂಗೇ ಹೋಯ್ತಾ ಹೋಯ್ತಾ ಬೆನ್ಗೆ ಬದು ತಗುಲ್ತದೆ. ಆವಾಗ ಸೊಂಟ ಎತ್ಬೋದು."

ಭತ್ತದ ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟು ಬೇರೆಲ್ಲೂ ನೋಡದವಳು ನಾನು. ಬಗ್ಗಿದ ಹೆಂಗಸರ ಸಾಲು ಹಸಿರಿನಲ್ಲಿ ಎಷ್ಟು ಚೆಂದ ಎಂದು ನಾನೂ ಎಲ್ಲರ ಹಾಗೆ ಅಂದುಕೊಂಡಿದ್ದೆ. ಅವರು ಹಿಂದಕ್ಕೆ ಸರಿಯುತ್ತಿದ್ದಾರೆ ಎಂಬುದನ್ನು ಗಮನಿಸಿರಲಿಲ್ಲ.

ನಮ್ಮ ಬಡಾವಣೆ ಮೈಸೂರಿನ ಅಂಚಿನ ಹಿನಕಲ್‌ಗೆ ಅಂಟಿಕೊಂಡಿದೆ. ನಾವು ಸೈಟು ಕೊಂಡಾಗ ಅದು ಹಳ್ಳಿ; ಈಗ ಹಳ್ಳಿ ಅಂದರೆ ಅಲ್ಲಿಯವರೇ ಮುಖ ಸಿಂಡರಿಸುತ್ತಾರೆ. ಅಲ್ಲಿನ ಹಳೇ ಬೀದಿಯಲ್ಲಿ ಚಿಕ್ಕತಾಯಮ್ಮ ಒಂದು ಕೋಣೆ ಬಾಡಿಗೆಗೆ ಹಿಡಿದು ಮಗಳು ಸುಜಾತಳೊಡನೆ ಇದ್ದರು. ಗಂಡ ತೀರಿಕೊಂಡಿದ್ದ. ಊರು ಟಿ. ನರಸೀಪುರದ ಆಚೆ, ನಾಲೆ ನೀರಿನ ಸೀಮೆ. ಕೋಣೆಯ ಗೋಡೆಗೆ ಬುದ್ಧನ ಒಂದು ಪಟ, ಅದರ ಪಕ್ಕದ ಮೊಳೆಗೆ ಸುಜಾತಳ ಶಾಲೆಯ ಚೀಲ, ಇಷ್ಟೇ ಅಲಂಕಾರ. ನಾನು ಅವರನ್ನು ಬನ್ನಿ, ಹೋಗಿ ಎಂದೇ ಮಾತಾಡಿಸುತ್ತಿದ್ದೆ. ಅದಕ್ಕೂ ಅವರಿಗೆ ನಗು. "ನೀವು ಬನ್ನಿ ಅಂದ್ರೆ ನನ್ ಪಕ್ಕ ಇನ್ಯಾರೋ ನಿಂತವ್ರೇನೋ ಅನ್ನುಸ್ತದೆ" ಎಂದು ನಿಜಕ್ಕೂ ಒಂದು ಸಲ ತಿರುಗಿ ನೋಡಿದ್ದರು.

ಗಿಡ್ಡ ದೇಹ. ಸೊಂಟದ ಹತ್ತಿರ ಒಂದು ಮಡಿಕೆ, ನೆಟ್ಟಗೆ ನಿಂತರೂ ಬಿಡಿಸಿಕೊಳ್ಳದ ಮಡಿಕೆ. ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ ದಪ್ಪಗಾಗಿತ್ತು. ಪೈರು ಒತ್ತಿ ಒತ್ತಿ ಹಾಗಾದದ್ದು. ಕಾಲ್ಬೆರಳುಗಳ ಸಂದಿಯ ಚರ್ಮ ಮಾತ್ರ ಬೆಳ್ಳಗೆ ಬಿರಿದುಕೊಂಡು, ನೀರು ತಾಗಿದ ಕೂಡಲೇ ಉರಿಯುತ್ತಿತ್ತು. ಕೆಸರು ಬಿಟ್ಟು ವರ್ಷಗಳಾದರೂ ಕೆಸರುಹುಣ್ಣು ಅವರನ್ನು ಬಿಟ್ಟಿರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಹರಳೆಣ್ಣೆಗೆ ಅರಿಶಿನ ಕಲಸಿದ ಪುಟ್ಟ ಸೀಸೆ ಇಟ್ಟುಕೊಂಡಿದ್ದರು. ನೆಲ ಒರೆಸಿದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದೊಂದೇ ಬೆರಳು ಬಿಡಿಸಿ ಹಚ್ಚಿಕೊಳ್ಳುವರು. ನಾನು ನನ್ನ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ ಅವರ ಪಕ್ಕ ಕೂರುವೆ. ನಮ್ಮಿಬ್ಬರ ಸ್ನೇಹ ಬೆಳೆದದ್ದು ಈ ಔಷಧೋಪಚಾರದಲ್ಲಿ.

ಸುಸ್ತಾಯಿತು ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಅದಕ್ಕೆ ಅವರದೇ ಮಾತಿತ್ತು. ತೀರಾ ಬಸವಳಿದ ದಿನ "ಇವತ್ತು ಗದ್ದೆ ದೊಡ್ದಾಯ್ತು ಟೀಚರಮ್ಮ" ಎನ್ನುವರು. ಮನೆಗೆ ನೆಂಟರು ಬಂದು ಪಾತ್ರೆ ರಾಶಿ ಬಿದ್ದಿದ್ದರೆ ಗದ್ದೆ ದೊಡ್ಡದು. ಸುಜಾತಳಿಗೆ ಜ್ವರ ಬಂದು ನಿದ್ದೆಗೆಟ್ಟಿದ್ದರೆ ಗದ್ದೆ ದೊಡ್ಡದು. ಕ್ರಮೇಣ ಆ ಮಾತು ನನಗೂ ಅಂಟಿತು. ಸಂಜೆ ಯಜಮಾನರು ಕಾಫಿ ಕೇಳಿದರೆ "ಗದ್ದೆ ದೊಡ್ಡದಾಯಿತು ಕಣ್ರೀ, ನೀವೇ ಮಾಡಿಕೊಳ್ಳಿ" ಎನ್ನುತ್ತಿದ್ದೆ.

ಒಂದು ಸಲ ಮಾತ್ರ ಆ ಗದ್ದೆ ನಮ್ಮನೆಗೇ ಬಂತು. ಗೇಟಿನ ಪಕ್ಕ ಒಂದು ಚಾಪೆಯಷ್ಟು ಜಾಗದಲ್ಲಿ ಹುಲ್ಲುಹಾಸು ಬೆಳೆಸಬೇಕು ಎಂದು ನಮ್ಮ ಯಜಮಾನರಿಗೆ ಹುಚ್ಚು ಹಿಡಿಯಿತು. ನರ್ಸರಿಯಿಂದ ಹುಲ್ಲಿನ ಬುಡಗಳನ್ನು ತಂದು, ನೆಟ್ಟುಕೊಡಿ ಎಂದು ಚಿಕ್ಕತಾಯಮ್ಮನಿಗೆ ಹೇಳಿ, ನಾವಿಬ್ಬರೂ ಒಂದು ವಾರ ತಂಗಿಯ ಮನೆಗೆ ಹೋದೆವು. ಬಂದು ನೋಡಿದರೆ ಹುಲ್ಲು ದಾರ ಹಿಡಿದಂತೆ ಸಾಲುಸಾಲಾಗಿ, ಸಾಲಿಗೂ ಸಾಲಿಗೂ ಗೇಣಗಲ ಬಿಟ್ಟು ಕೂತಿದೆ. ಸುತ್ತ ಇಟ್ಟಿಗೆಯಿಟ್ಟು ಮಣ್ಣು ಮೆತ್ತಿ ಬದು ಕಟ್ಟಿದ್ದಾರೆ. ಒಳಗೆ ಪಾದ ಮುಳುಗುವಷ್ಟು ನೀರು. ಹುಲ್ಲು ಕೊಳೆತು ನಾರುತ್ತಿತ್ತು. ಪಕ್ಕದ ಮನೆಯವರು ಸೊಳ್ಳೆ ಎಂದು ಆಗಲೇ ಜಗಳಕ್ಕೆ ತಯಾರಾಗಿದ್ದರು. ಚಿಕ್ಕತಾಯಮ್ಮ ತಮ್ಮ ಬೆಳೆಯನ್ನು ಒಂದು ಗಳಿಗೆ ನೋಡಿ, "ಇದ್ಕೆ ನೀರ್ ನಿಲ್ಲಿಸ್ಬಾರ್ದಾ? ಅಯ್ಯೋ ನನ್ ಕೈ ಸೇದೋಗ! ಕೈಗೆ ಒಂದೇ ಬೆಳೆ ಗೊತ್ತು ಕಣ್ರಪ್ಪ" ಎಂದು ತಲೆ ಚಚ್ಚಿಕೊಂಡರು. ಯಜಮಾನರು ಬೈಯಬೇಕೆಂದು ಬಾಯಿ ತೆರೆದವರು ಆ ಸಾಲುಗಳನ್ನು ನೋಡಿ ನಕ್ಕುಬಿಟ್ಟರು. ಆಮೇಲೆ ಅಲ್ಲಿ ಸಿಮೆಂಟ್ ಹಾಕಿಸಿದೆವು.

ಊರಿನಲ್ಲಿ ಅವರು ನಾಟಿ ಹೆಂಗಸರ ಗುಂಪಿಗೆ ಯಜಮಾನಿ. ನಾಲೆಗೆ ನೀರು ಬಿಟ್ಟರೆ ಸೀಮೆಯ ಗದ್ದೆಗಳೆಲ್ಲ ಒಂದೇ ಸಲ ನಾಟಿಗೆ ಬರುತ್ತವೆ. ಆಗ ಗದ್ದೆಯವರು ಇವರ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಹೆಂಗಸರು ಸಿಗದೆ ತಡವಾದರೆ ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರು ಬಲಿತುಹೋಗುತ್ತದೆ. ಬಲಿತ ಪೈರು ನೆಟ್ಟರೆ ತೆನೆ ಸಣ್ಣದು, ಇಳುವರಿ ಕಡಿಮೆ. ತಮ್ಮ ಒಂದು ಜೀವಮಾನದಲ್ಲಿ ಗದ್ದೆ ಹೇಗೆ ಬದಲಾಯಿತು ಎಂದು ಅವರು ಹೇಳುತ್ತಿದ್ದರೆ ನಾನು ಮಂಡಿ ತಿಕ್ಕುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

"ನಾನು ಚಿಕ್ಕೋಳಿದ್ದಾಗ ಅನ್ನ ಅಂದ್ರೆ ಹಬ್ಬ. ಗದ್ದೇಲಿ ಆಳೆತ್ತರ ಹುಲ್ಲು ಬರ್ತಿತ್ತು, ಭತ್ತ ಬರ್ತಿರ್ನಿಲ್ಲ. ಆಮ್ಯಾಕೆ ಗಿಡ್ಡ ತಳಿ ಬಂತು, ಯೂರಿಯಾ ಬಂತು. ಹಗ್ಗ ಹಿಡ್ದು ಸಾಲಾಗಿ ಹಾಕಿ ಅಂದ್ರು. ಅಂಗೇ ಹಾಕುದ್ವು. ಒಂದು ಕಣಕ್ಕೆ ಎರಡು ಕಣದ ಭತ್ತ ಬಿತ್ತು. ಅದೂ ಸುಳ್ಳಲ್ಲ ಕಣಮ್ಮ, ನನ್ ಮಗ್ಳು ದಿನಾ ಅನ್ನ ಉಂಡೇ ಬೆಳುದ್ಲು. ಆಮ್ಯಾಕೆ ಕಳೆಗೆ ಔಸ್ದಿ ಬಂತು, ಕಳೆ ಕೀಳೋ ಕೆಲ್ಸ ಹೋಯ್ತು. ಕುಯ್ಯೋ ಮಿಸಿನ್ ಬಂತು, ಕುಯ್ಲು ಹೋಯ್ತು. ಕೊನೇಗೆ ನಾಟಿ ಮಿಸಿನ್ನೂ ಬಂತು. ಚೀಲ ಜಾಸ್ತಿ ಆದ್ವು, ಹೆಂಗಸ್ರು ಕಮ್ಮಿ ಆದ್ವಿ."

ಇದನ್ನು ಅವರು ದುಃಖದಿಂದಲೂ ಹೇಳುತ್ತಿರಲಿಲ್ಲ, ಹೆಮ್ಮೆಯಿಂದಲೂ ಹೇಳುತ್ತಿರಲಿಲ್ಲ. ಬಸ್ಸು ಹೋಯಿತು ಎಂದು ಹೇಳುವ ಹಾಗೆ ಹೇಳುತ್ತಿದ್ದರು. ದುಃಖಪಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಪಾಪ, ಯಂತ್ರ ಬಂದು ಇವರ ಅನ್ನ ಕಿತ್ತುಕೊಂಡಿತು, ಅದಕ್ಕೇ ಊರು ಬಿಟ್ಟು ನಮ್ಮ ಪಾತ್ರೆ ತಿಕ್ಕುತ್ತಿದ್ದಾರೆ ಎಂದು ನನ್ನ ತೀರ್ಮಾನ. ನನ್ನ ಹಳೆಯ ಸಹೋದ್ಯೋಗಿ, ಕನ್ನಡದ ಮೇಷ್ಟ್ರೊಬ್ಬರು, ನಾಟಿ ಪದಗಳನ್ನು ರೆಕಾರ್ಡು ಮಾಡಬೇಕೆಂದು ಒಂದು ಭಾನುವಾರ ಬಂದರು. ಚಿಕ್ಕತಾಯಮ್ಮ ಮೊಬೈಲಿನ ಮುಂದೆ ಕೂತು ಎರಡು ಸಾಲು ಹಾಡಿ ನಿಲ್ಲಿಸಿದರು. ಮುಂದಿನದು ಎಂದರೆ "ಮುಂದಿಂದು ಅಂತ ಇಲ್ಲ ಸ್ವಾಮಿ. ಇದ್ನೇ ಸಂಜೆಗಂಟ ಹೇಳೋದು. ಯಾರ್ ಧ್ವನಿ ಸಣ್ಣ ಆಯ್ತದೋ ಅವ್ಳು ಸೋತ್ಲು ಅಂತ ಗೊತ್ತಾಗ್ಲಿ ಅಂತ ಹಾಡ್ತಿದ್ವಿ. ಗೊತ್ತಾದ್ರೆ ಪಕ್ಕದೋಳು ಅವ್ಳ ಸಾಲ್ನೂ ಸ್ವಲ್ಪ ಹಾಕ್ತಿದ್ಲು" ಎಂದರು. ಆಮೇಲೆ ಎದ್ದುಹೋಗಿ ಎಲ್ಲರಿಗೂ ಟೀ ಮಾಡಿದರು.

ಸುಜಾತ ನಮ್ಮ ಊಟದ ಮೇಜಿನ ಮೇಲೇ ಓದಿ ದೊಡ್ಡವಳಾದಳು ಎನ್ನಬಹುದು. ಅಮ್ಮ ಕೆಲಸ ಮಾಡುವಷ್ಟು ಹೊತ್ತು ಲೆಕ್ಕ ಬಿಡಿಸುತ್ತ ಕೂರುವಳು; ತಪ್ಪಾದರೆ ನಾನು ಅಡುಗೆಮನೆಯಿಂದಲೇ ಗದರುವೆ. ಅವಳು ಹೊರಗೆ ಮಣ್ಣಾಟ ಆಡಿ ಬಂದರೆ ಚಿಕ್ಕತಾಯಮ್ಮ ಬೇರೇನೂ ಅನ್ನುತ್ತಿರಲಿಲ್ಲ, ಕಾಲು ಮಾತ್ರ ನೋಡುವರು. ಮಣ್ಣು ಕಂಡರೆ ನಲ್ಲಿಯ ಕೆಳಗೆ ನಿಲ್ಲಿಸಿ, ಇಟ್ಟಿಗೆ ಚೂರಿನಿಂದ ಹಿಮ್ಮಡಿ ತಿಕ್ಕುವರು. ಮಗು ಅತ್ತರೂ ಬಿಡುತ್ತಿರಲಿಲ್ಲ. ಇಷ್ಟೊಂದು ಯಾಕೆ ಎಂದು ನಾನು ಕೇಳಿದಾಗಲೂ ತಿಕ್ಕುತ್ತಲೇ ಇದ್ದರು.

ಸುಜಾತ ಡಿಪ್ಲೊಮಾ ಮುಗಿಸಿದಳು. ಬನ್ನಿಮಂಟಪದ ಕಡೆ, ಬೇಸಾಯದ ಯಂತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕಂಪ್ಯೂಟರಿನ ಮುಂದೆ ಕೂತು ಯಾವ ಯಂತ್ರ ಯಾವ ಊರಿಗೆ ಹೋಯಿತು ಎಂದು ನೋಡಿಕೊಳ್ಳುವುದು. ಮೊದಲ ಸಂಬಳ ಬಂದ ದಿನ ಚಿಕ್ಕತಾಯಮ್ಮ ನಮಗೆಲ್ಲ ಮೈಸೂರುಪಾಕು ತಂದರು. "ಕುರ್ಚಿ ಮ್ಯಾಲೆ ಕುಂತ್ಕಂಡು ಮಾಡೋ ಕೆಲ್ಸ ಕಣಮ್ಮ. ಫ್ಯಾನೂ ಅದೆಯಂತೆ" ಎಂದು ಬೀದಿಗೆಲ್ಲ ಹೇಳಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮರುವರ್ಷ ಆಷಾಢದ ಕೊನೆಯಲ್ಲಿ ಒಂದು ಬೆಳಿಗ್ಗೆ ಸುಜಾತ ನಮ್ಮ ಮನೆಗೆ ಬಂದಳು. ಚಿಕ್ಕತಾಯಮ್ಮ ಹಾಲ್ ಒರೆಸುತ್ತಿದ್ದರು. ನಾನಿದ್ದರೆ ಅಮ್ಮ ಜೋರು ಮಾಡುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದಳು.

"ಅವ್ವ, ನಾಳೆಯಿಂದ ನಾನು ಗದ್ದೆ ಕಡೆ ಹೋಗ್ತೀನಿ. ನಾಟಿ ಮಿಷಿನ್ ಓಡ್ಸೋಕೆ. ಸೀಸನ್ ಮುಗಿಯೋವರ್ಗೂ."

ಒರೆಸುವ ಬಟ್ಟೆ ನಿಂತಿತು. "ಗದ್ದೇಗಾ?"

"ಹೂಂ. ಕಲ್ತಿದ್ದೀನಿ."

"ಆಪೀಸ್ನೋರು ಏನಾರ ಅಂದ್ರಾ? ಕೆಲ್ಸದಿಂದ ತೆಗುದ್ರಾ?"

"ಇಲ್ಲವ್ವ, ನಾನೇ ಕೇಳ್ಕೊಂಡೆ. ದಿನವಿಡೀ ಆ ಕಂಪ್ಯೂಟರ್ ನೋಡಿ ನೋಡಿ ತಲೆ ಕೆಟ್ಟೋಯ್ತು. ಮಿಷಿನ್ ಮೇಲೆ ನಂಗೆ ಇಷ್ಟ. ಸಂಬಳನೂ ಜಾಸ್ತಿ. ಅದ್ರಲ್ಲೂ ಸೀಟ್ ಐತವ್ವ, ಕೂತ್ಕೊಂಡೇ ಓಡ್ಸೋದು."

ಚಿಕ್ಕತಾಯಮ್ಮ ಬಟ್ಟೆ ಹಿಂಡಿ, ಆಗಲೇ ಒರೆಸಿ ಮುಗಿಸಿದ್ದ ನೆಲವನ್ನು ಮತ್ತೆ ಗೋಡೆಯಿಂದ ಶುರುಮಾಡಿದರು. ಸುಜಾತ ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಅವರು ಬಾಗಿಲಿಗೆ ಬಂದು ಬೆನ್ನು ಚೌಕಟ್ಟಿಗೆ ತಾಗಿದ ಮೇಲೆ ಎದ್ದು ನಿಂತು, "ಗದ್ದೆ ದೊಡ್ದಾಯ್ತು ಟೀಚರಮ್ಮ" ಎಂದರು. ಆ ದಿನ ಸೀಸೆಯನ್ನು ಮುಟ್ಟಲೇ ಇಲ್ಲ.

ಆಮೇಲೆ ಮಗಳೊಡನೆ ಮಾತು ನಿಂತಿತು. ಒಂದು ಕೋಣೆಯಲ್ಲಿ ಇಬ್ಬರು, ಇಬ್ಬರ ನಡುವೆ ಮಾತಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜ್ ಆದೆ. "ಉಪ್ಸಾರು ಮಾಡಿಟ್ಟಿವ್ನಿ, ಬಿಸಿ ಮಾಡ್ಕಂಡು ಉಣ್ಣಕೇಳಿ" ಎಂದು ಇವರು ನನಗೆ ಹೇಳುವುದು, ನಾನು ಬಿಸಿಲಲ್ಲಿ ಗದ್ದೆಯ ಬದುವಿನ ಮೇಲಿರುವ ಸುಜಾತಳಿಗೆ ಫೋನು ಮಾಡುವುದು. "ಉಂಡೆ ಅಂತ ಹೇಳಿ ಟೀಚರ್, ಬೆನ್ನು ಹೇಗಿದೆ ಅಂತ ಕೇಳಿ" ಎಂದು ಅವಳು. ನನಗೂ ವಯಸ್ಸಾಗಿದೆ, ನನ್ನ ಮಂಡಿಯನ್ನು ಯಾರೂ ಕೇಳುವುದಿಲ್ಲ, ಇವರಿಬ್ಬರ ಸಂಸಾರ ನಾನೇಕೆ ಹೊರಬೇಕು ಎಂದು ರೇಗುತ್ತಿತ್ತು.

ಒಂದು ದಿನ ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ ಪಾಠ ಶುರುಮಾಡಿದೆ. "ನೋಡಿ ಚಿಕ್ಕತಾಯಮ್ಮ, ಯಂತ್ರ ಬಂದು ನಿಮ್ಮ ಕೆಲಸ ಹೋಯಿತು. ಅದರ ಮೇಲೆ ನಿಮಗೆ ಸಿಟ್ಟಿರೋದು ಸಹಜ. ಆದರೆ ಕಾಲ ಬದಲಾಗಿದೆ. ಆ ಹುಡುಗಿ ಅದನ್ನೇ ಓಡಿಸುತ್ತಿದ್ದಾಳೆ ಅಂದರೆ..."

ಅವರು ಕಾಫಿ ಲೋಟ ಕೆಳಗಿಟ್ಟರು.

"ಮಿಸಿನ್ ಮ್ಯಾಲೆ ನಂಗ್ಯಾಕಮ್ಮ ಸಿಟ್ಟು? ಅದು ನಮ್ಮೂರ್ಗೆ ಬಂದಾಗ ಎಲ್ಲಾ ಹೆಂಗಸ್ರೂ ಬಾಯಿ ಬಡ್ಕಂಡ್ರು. ನಾನು ಬದಿನ್ ಮ್ಯಾಲೆ ನಿಂತು ನೋಡ್ದೆ. ನಾವೊಂದು ಗುಂಪು ಸಂಜೆಗಂಟ ಬಗ್ಗಿ ಮಾಡೋದ್ನ ಅದು ಬಿಸ್ಲು ಏರೋದ್ರೊಳಗೆ ಮುಗಿಸ್ಬುಡ್ತು. ಎಳೇ ಪೈರು, ಹೊತ್ತಿಗ್ ಸರಿಯಾಗಿ, ಸಾಲೂ ನೆಟ್ಗೆ. ಮನೆಗ್ ಬಂದು ಉದ್ದಕ್ಕೆ ಮಲಗ್ಬುಟ್ಟೆ ಕಣಮ್ಮ. ಸದ್ಯ, ಇನ್ಮ್ಯಾಲೆ ಈ ಸೊಂಟ ಬಗ್ಸಂಗಿಲ್ಲ ಅಂತ. ಕಷ್ಟ ಆಯ್ತು, ಇಲ್ಲ ಅನ್ನಲ್ಲ. ಆದ್ರೂ ನಂಗೆ ಬಿಡುಗಡೆ ಆದಂಗಾಯ್ತು."

"ಮತ್ತೆ?"

"ನಮ್ಮವ್ವನೂ ಕೆಸ್ರಲ್ಲೇ ಸತ್ಲು. ನಾಟಿ ಹಾಕೋಳು ಗದ್ದೆ ಹಸ್ರಾಗೋದು ನೋಡ್ತಾಳೆ ಅಷ್ಟೇ. ತೆನೆ ಬಂದಾಗ ಅದು ಗದ್ದೆಯೋರ್ದು. ಯಾರ್ದೋ ಗದ್ದೆ, ಯಾರ್ದೋ ಭತ್ತ, ಕೆಸ್ರು ಮಾತ್ರ ನಮ್ದು. ನಾನು ಕಾಲ್ ತೊಳ್ಕಂಡು ಈ ಮೈಸೂರ್ಗೆ ಬಂದಿದ್ದು ನನ್ ಮಗ್ಳ ಕಾಲ್ಗೆ ಅದು ಹತ್ಬಾರ್ದು ಅಂತ. ಈ ಜನ್ಮದಲ್ಲಿ ನಾನ್ ಕೇಳಿದ್ದು ಅದೊಂದೇ. ಎಲ್ಲೆಲ್ಲೋ ಓದ್ಸಿ, ಕುರ್ಚಿ ಮ್ಯಾಲೆ ಕೂರ್ಸಿದ್ರೆ, ಅವ್ಳೇ ಕೇಳ್ಕಂಡು ಇಳುದ್ಬುಟ್ಲು. ಇಷ್ಟ ಅಂತೆ, ಇಷ್ಟ!"

ಅವರು ಸೀಸೆ ತೆಗೆದು, ಬೆರಳು ಬಿಡಿಸಿ, ಎಣ್ಣೆ ಹಚ್ಚಿಕೊಂಡರು. ಇಟ್ಟಿಗೆ ಚೂರಿನಿಂದ ಮಗುವಿನ ಹಿಮ್ಮಡಿ ತಿಕ್ಕುತ್ತಿದ್ದುದು ನನಗೆ ನೆನಪಾಯಿತು.

ನಾಟಿಯ ಕಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅವರೇ, ಕೆಲಸಕ್ಕೆ ಬಂದವರು ಪೊರಕೆ ಮುಟ್ಟದೆ ಬಾಗಿಲಲ್ಲಿ ನಿಂತು, "ಒಂದ್ಸಲ ನೋಡ್ಕಂಡ್ ಬರುವ, ಬತ್ತೀರಾ?" ಎಂದರು. ಏನನ್ನು ಎಂದು ನಾನು ಕೇಳಲಿಲ್ಲ. ಸುಜಾತ ಎಲ್ಲಿದ್ದಾಳೆ ಎಂದು ಶೆಡ್ಡಿಗೆ ಫೋನು ಮಾಡಿ ತಿಳಿದುಕೊಂಡೆ. ಸಿಟಿ ಬಸ್ಸು, ಅಲ್ಲಿಂದ ನರಸೀಪುರದ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಅವರು ಮಡಿಲಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಕೂತಿದ್ದರು. ನಾಲೆ ದಾಟಿ ಬದುವಿನ ಮೇಲೆ ನಡೆಯಬೇಕಾಯಿತು. ಎರಡು ಕಡೆ ಜಾರಿ ನಾನು ಅವರ ತೋಳು ಹಿಡಿದುಕೊಂಡೆ.

ದೂರದಲ್ಲಿ ಯಂತ್ರ ನಿಂತಿತ್ತು. ನಾವು ಹತ್ತಿರವಾಗುವ ಹೊತ್ತಿಗೆ ಅದು ಗುರುಗುಟ್ಟಿ ಹೊರಟಿತು. ಸಣ್ಣ ಟ್ರ್ಯಾಕ್ಟರಿನಂತೆ ಮುಂದೆ ಚಕ್ರ, ಹಿಂದೆ ಚಾಪೆಯಂತೆ ಹಾಸಿದ ಎಳೆ ಪೈರು, ಅದರ ಕೆಳಗೆ ಕಬ್ಬಿಣದ ಬೆರಳುಗಳು. ಮೇಲೆ ಸೀಟಿನಲ್ಲಿ ಸುಜಾತ, ತಲೆಗೆ ಟೋಪಿ, ಮುಖ ಮುಂದಕ್ಕೆ. ಪೈರು ಅವಳ ಬೆನ್ನ ಹಿಂದೆ ಸಾಲುಸಾಲಾಗಿ ಕೂರುತ್ತ ಬರುತ್ತಿತ್ತು. ಅವಳು ತಿರುಗಿ ನೋಡುವ ಅಗತ್ಯವೂ ಇರಲಿಲ್ಲ.

ಚಿಕ್ಕತಾಯಮ್ಮ ಯಂತ್ರವನ್ನು ನೋಡಲಿಲ್ಲ. ಹುಬ್ಬಿಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, "ನಂಗೆ ಕಣ್ ಮಂಜು. ಕಾಲ್ ಎಲ್ಲವೆ ನೋಡಿ ಟೀಚರಮ್ಮ. ಅವ್ಳ ಕಾಲು" ಎಂದರು.

"ಮೇಲಿದೆ. ಹಲಗೆ ಮೇಲೆ ಇಟ್ಟಿದ್ದಾಳೆ. ಬೂಟು ಹಾಕಿದ್ದಾಳೆ."

"ಕೆಸ್ರು?"

"ಇಲ್ಲ. ಬೂಟು ಒಣಗಿಯೇ ಇದೆ."

"ಸರ್ಯಾಗ್ ನೋಡಿ."

ಮತ್ತೊಮ್ಮೆ ನೋಡಿದೆ. "ಇಲ್ಲ ಚಿಕ್ಕತಾಯಮ್ಮ, ಸ್ವಲ್ಪವೂ ಇಲ್ಲ."

ಅವರು ನಿಧಾನವಾಗಿ ಬದುವಿನ ಮೇಲೆ ಕೂತರು. ಇಷ್ಟು ದಿನ ಬಿಗಿಹಿಡಿದಿದ್ದ ಏನೋ ಸಡಿಲಾದ ಹಾಗೆ ಭುಜ ಇಳಿಯಿತು. ಯಂತ್ರ ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ ಬಂತು. ಸುಜಾತ ನಮ್ಮನ್ನು ನೋಡಿ ಕೈಯೆತ್ತಿದಳು. ಇವರು ಎತ್ತಲಿಲ್ಲ, ಆದರೆ ಮುಖ ತಿರುಗಿಸಲೂ ಇಲ್ಲ.

ಗದ್ದೆ ಮುಗಿಯಿತು. ನೋಡಿದರೆ ನಾಲ್ಕು ಮೂಲೆಗಳಲ್ಲೂ ಒಂದೊಂದು ತುಂಡು ಕೆಸರು ಬರಿದಾಗಿ ಉಳಿದಿತ್ತು. ಯಂತ್ರಕ್ಕೆ ತಿರುಗಲು ಜಾಗ ಬೇಕು. ಮೂಲೆಗೆ ಅದರ ಬೆರಳು ಮುಟ್ಟುವುದಿಲ್ಲ. ಗದ್ದೆಯ ಯಜಮಾನ ಬದುವಿನಿಂದ ಕೂಗಿದ. "ಮೂಲೆ ಬುಟ್ಬುಟ್ರೆ ಎಂಗಮ್ಮ? ಅದ್ನೂ ಮುಗ್ಸಿ ಹೋಗಿ. ನಂಗೆಲ್ಲಿ ಆಳು ಸಿಕ್ತಾರೆ ಈಗ?"

"ಮಾಡ್ತೀನಿ ಅಣ್ಣ" ಎಂದು ಸುಜಾತ ಬಗ್ಗಿ ಬೂಟಿಗೆ ಕೈ ಹಾಕಿದಳು.

"ಏ ಸುಜಿ! ಇಳೀಬ್ಯಾಡ!"

ಅಷ್ಟು ಗಟ್ಟಿ ಧ್ವನಿ ಚಿಕ್ಕತಾಯಮ್ಮನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಕಾಲದಲ್ಲಿ ಗುಂಪನ್ನು ನಡೆಸಿದ ಧ್ವನಿ ಅದು. ಡಬ್ಬಿಯನ್ನು ನನ್ನ ಕೈಗಿತ್ತು, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು ಅವರು ಕೆಸರಿಗೆ ಇಳಿದರು. "ಕುಂತ್ಕೊ ಅಲ್ಲೇ. ಕಾಲ್ ಮ್ಯಾಲೆ ಇಟ್ಕೊ" ಎಂದರು. ಮಾತು ನಿಂತ ಮೇಲೆ ಅವರು ಮಗಳಿಗೆ ಆಡಿದ ಮೊದಲ ಮಾತುಗಳು ಅವು.

ಪೈರಿನ ಚಾಪೆಯಿಂದ ಒಂದು ತುಂಡು ಕಿತ್ತುಕೊಂಡು ಎಡಗೈಯಲ್ಲಿ ಹಿಡಿದು ಬಗ್ಗಿದರು. ಬಲಗೈ ಹೋಗಿ ಬರುವುದು ಕಾಣುತ್ತಿತ್ತೇ ಹೊರತು ಪೈರು ಯಾವಾಗ ನೆಲ ಹಿಡಿಯಿತು ಎಂದು ಕಾಣುತ್ತಿರಲಿಲ್ಲ. ಹಿಂದಕ್ಕೆ, ಹಿಂದಕ್ಕೆ, ಮೂಲೆ ಕಿರಿದಾಗುತ್ತ ಬಂದು ಬೆನ್ನಿಗೆ ಬದು ತಗುಲಿತು. ಎದ್ದರು. ಇನ್ನೊಂದು ಮೂಲೆಗೆ ನಡೆದರು. ಸುಳ್ಳೇಕೆ ಹೇಳಲಿ, ನೋಡಲು ಚೆನ್ನಾಗಿತ್ತು. ಆದರೆ ಪ್ರತಿ ಸಲ ಎದ್ದಾಗಲೂ ಎರಡು ಕೈಯನ್ನೂ ಸೊಂಟಕ್ಕೆ ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಸುಜಾತ ಸೀಟಿನ ಮೇಲೆ 'ಸಾಕವ್ವ, ಸಾಕು ಬಾ' ಎನ್ನುತ್ತ, ಕಾಲು ಮೇಲಿಟ್ಟುಕೊಂಡೇ ಅಳುತ್ತಿದ್ದಳು.

ನಾಲೆಯಲ್ಲಿ ಕಾಲು ತೊಳೆದು, ಮೂವರೂ ಬದುವಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಮಗಳಿಗೆ ಮೊದಲ ತುತ್ತು ತಾಯಿಯೇ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡೆ. ಚಾಮುಂಡಿಬೆಟ್ಟ ಕಾಣುವ ಹೊತ್ತಿಗೆ, "ಇವತ್ತು ಗದ್ದೆ ಚಿಕ್ದು ಕಣ್ ಟೀಚರಮ್ಮ. ನಾಕು ಮೂಲೆ ಅಷ್ಟೇ" ಎಂದರು.

ದಸರಾ ಕಳೆದ ಮೇಲೆ ಜ್ವರವೆಂದು ಮಲಗಿದರು. ಜ್ವರ ಎದೆಗೆ ಇಳಿಯಿತು. ದೊಡ್ಡಾಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಹಿನಕಲ್‌ನ ಆ ಕೋಣೆಯಲ್ಲಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ನಾನೂ ಅವರ ಊರಿನ ಗುಂಪಿನ ಕೆಲವು ಹೆಂಗಸರೂ ಕೂತಿದ್ದೆವು. ಅವರಲ್ಲಿ ಯಾರ ಸೊಂಟವೂ ನೆಟ್ಟಗಿರಲಿಲ್ಲ. ನಮ್ಮ ಮನೆಗೆ ಕೊನೆಯ ಸಲ ಬಂದ ದಿನ ಚಿಕ್ಕತಾಯಮ್ಮ "ಸ್ವಲ್ಪ ಮೈ ಬಿಸಿ ಅದೆ, ನಾಳೆ ಬರಕಿಲ್ಲ ಬುಡಿ" ಎನ್ನುತ್ತ ಎಂದಿನಂತೆ ಗೇಟಿನವರೆಗೂ ಹಿಂದಕ್ಕೆ ನಡೆದಿದ್ದರು. ಅದರಿಂದ ಒಂದು ಉಪಕಾರವಾಯಿತು. ಅವರು ಹೋದದ್ದನ್ನು ನೆನೆಸಿಕೊಂಡರೆ ನನಗೆ ಬೆನ್ನು ಕಾಣುವುದಿಲ್ಲ, ಮುಖ ಕಾಣುತ್ತದೆ.

ಈಗ ನೆಲ ಒರೆಸುವುದು ನಾನೇ. ಉದ್ದ ಹಿಡಿಯ ಮಾಪು ತಂದುಕೊಂಡಿದ್ದೇನೆ, ಬಗ್ಗಬೇಕಾಗಿಲ್ಲ. ಆದರೂ ಬಾಗಿಲಿಗೆ ಬರುವ ಹೊತ್ತಿಗೆ ಸಾಕುಸಾಕಾಗುತ್ತದೆ.

ಈ ವರ್ಷದ ನಾಟಿ ಮುಗಿಸಿ ಮೊನ್ನೆ ಸುಜಾತ ಬಂದಿದ್ದಳು. ಬೂಟನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು, ತಾನು ಲೆಕ್ಕ ಮಾಡುತ್ತಿದ್ದ ಅದೇ ಕುರ್ಚಿಯಲ್ಲಿ ಕೂತಳು. ಮುಖ ಬಿಸಿಲಿಗೆ ಕಂದಿತ್ತು. ಯಂತ್ರಕ್ಕೆ ಬಿಡುವೇ ಇಲ್ಲವಂತೆ, ಊರೂರಿಂದ ಕರೆಯಂತೆ, ಇಳುವರಿ ಚೆನ್ನಾಗಿದೆಯಂತೆ. ಕಾಫಿ ಕೊಟ್ಟು ಸುಮ್ಮನೆ ಮಾತಿಗೆಂದು ಕೇಳಿದೆ: "ಈಗ ಮೂಲೆ ಯಾರಮ್ಮ ಹಾಕುತ್ತಾರೆ?"

"ಯಾರಿದ್ದಾರೆ ಟೀಚರ್? ನಾನೇ ಇಳೀತೀನಿ."

"ನಿಮ್ಮಮ್ಮ ಹೋದ ಮೇಲೆ?"

ಅವಳು ಲೋಟದೊಳಗೇ ನೋಡುತ್ತ ತಲೆ ಅಲ್ಲಾಡಿಸಿದಳು. "ಮೊದಲಿಂದನೂ ನಾನೇ. ಎಲ್ಲಾ ಗದ್ದೆಗೂ ಮೂಲೆ ಇರ್ತವಲ್ಲ. ಅವ್ವ ಬಂದಿದ್ದ ದಿನಾನೂ ನೀವು ಬರೋಕೆ ಮುಂಚೆ ಪಕ್ಕದ ಗದ್ದೆ ಮೂಲೆ ಮುಗ್ಸಿ ಕೆಸ್ರಲ್ಲೇ ನಿಂತಿದ್ದೆ. ಬದಿನ್ ಮೇಲೆ ಬರ್ತಿರೋದು ಅವ್ವ ಅಂತ ನಡಿಗೆಯಲ್ಲೇ ಗೊತ್ತಾಯ್ತು. ಓಡ್ಹೋಗಿ ಕಾಲ್ ತೊಳ್ಕೊಂಡು, ಒದ್ದೆ ಕಾಲ್ಗೇ ಬೂಟ್ ಹಾಕ್ಕೊಂಡು ಹತ್ತಿ ಕೂತ್ಕೊಂಡೆ. ನೀವು ಅವ್ವಂಗೆ ಏನ್ ಹೇಳಿದ್ರೋ ಟೀಚರ್, ಅವ್ವ ಕೂತ್ಕೊಂಡಿದ್ದು ದೂರದಿಂದ ಕಾಣ್ತು. ಅಷ್ಟೇ ಸಾಕಾಗಿತ್ತು ನಂಗೆ."

ಮೇಜಿನ ಕೆಳಗೆ ಅವಳ ಕಾಲು ಕಾಣುತ್ತಿತ್ತು. ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಬಿರಿದಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ, ಕಿಟಕಿಯಿಂದ ಅವಳ ತಾಯಿಯ ಸೀಸೆ ತಂದು ಕೊಟ್ಟೆ. ಏನಿದು ಎಂದು ಅವಳು ಕೇಳಲಿಲ್ಲ. ಬಿರಡೆ ತೆಗೆದು, ಒಂದೊಂದೇ ಬೆರಳು ಬಿಡಿಸಿ ಹಚ್ಚಿಕೊಳ್ಳತೊಡಗಿದಳು.